ಪಿನ್ ಕೋಡ್ ಒಡೆದು ನೋಡಿದರೆ: ಮೈಸೂರಿನಿಂದ ಮದ್ದೂರಿನವರೆಗೆ

570001, 571438, 571401, 571428.

ಮೈಸೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಕಡೆ ಹೊರಟರೆ ದಾರಿಯಲ್ಲಿ ಸಿಗುವ ನಾಲ್ಕು ಊರುಗಳ ಪಿನ್ ಕೋಡ್‌ಗಳಿವು. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು. ನೋಡಲು ನಾಲ್ಕೂ ಒಂದೇ ಥರ. ಆರಂಕಿ, 57ರಿಂದ ಶುರು, ಒಂದಕ್ಕೂ ಇನ್ನೊಂದಕ್ಕೂ ಹೆಚ್ಚೆಂದರೆ 1437ರಷ್ಟು ಅಂತರ. ಆದರೆ ಇವನ್ನು ಒಡೆಯಲು ಹೊರಟರೆ, ಅಂದರೆ ಯಾವ ಯಾವ ಸಂಖ್ಯೆಗಳನ್ನು ಗುಣಿಸಿದರೆ ಇವು ಬರುತ್ತವೆ ಎಂದು ಹುಡುಕಲು ಹೊರಟರೆ, ನಾಲ್ಕೂ ನಾಲ್ಕು ದಾರಿ ಹಿಡಿಯುತ್ತವೆ. ಒಂದು ಪುಡಿಪುಡಿಯಾಗುತ್ತದೆ. ಒಂದು ಸ್ವಲ್ಪ ಒಡೆದು ಆಮೇಲೆ ಹಟ ಹಿಡಿಯುತ್ತದೆ. ಒಂದರ ಅಂಕಿಗಳು ಗಾಣದ ಎತ್ತಿನಂತೆ ಅಲ್ಲಲ್ಲೇ ಸುತ್ತುತ್ತವೆ. ಇನ್ನೊಂದು ಏನು ಮಾಡಿದರೂ ಒಡೆಯುವುದೇ ಇಲ್ಲ.

ಯಾವುದು ಯಾವುದು ಅಂತ ಮುಖ ನೋಡಿ ಹೇಳಲು ಬರುವುದಿಲ್ಲ. ದೊಡ್ಡ ಪೂರ್ಣ ಸಂಖ್ಯೆಗಳ ವಿಚಾರದಲ್ಲಿ ನನಗೆ ಇಷ್ಟವಾಗುವ ಸಂಗತಿ ಇದೇ. ಗುಣ ಹೊರಗೆ ಕಾಣುವುದಿಲ್ಲ, ಸರಿಯಾದ ಪ್ರಶ್ನೆ ಕೇಳಿ ಹೊರಗೆ ತರಬೇಕು. ಒಂದು ಸಂಖ್ಯೆಗೆ ಕೇಳಿದ ಪ್ರಶ್ನೆ ಇನ್ನೊಂದಕ್ಕೆ ಕೆಲಸಕ್ಕೆ ಬಾರದೆಯೂ ಇರಬಹುದು.

ಪಿನ್ ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಮೊದಲ ಅಂಕಿ ವಲಯ ಹೇಳುತ್ತದೆ. 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ. ಮೊದಲ ಮೂರು ಅಂಕಿ ಸೇರಿ ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿ. ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರಗಳ ಪಿನ್‌ಗಳನ್ನು ಸಾಲಾಗಿ ಬರೆದು ನೋಡಿ. ಕೃಷ್ಣರಾಜಪೇಟೆ 571426, ಮದ್ದೂರು 571428, ಮಳವಳ್ಳಿ 571430, ನಾಗಮಂಗಲ 571432, ಪಾಂಡವಪುರ 571434, ಶ್ರೀರಂಗಪಟ್ಟಣ 571438. ಕೆ, ಎಂ, ಎಂ, ಎನ್, ಪಿ, ಎಸ್. ಇಂಗ್ಲಿಷ್ ಅಕ್ಷರಮಾಲೆಯ ಕ್ರಮ ಕಾಣುತ್ತದೆ ಅಲ್ವಾ? ಕನ್ನಡ ವರ್ಣಮಾಲೆಯಂತೆ ಹಂಚಿದ್ದರೆ ನಾಗಮಂಗಲ, ಪಾಂಡವಪುರ ಎರಡೂ ಮದ್ದೂರಿಗಿಂತ ಮುಂದೆ ನಿಲ್ಲಬೇಕಿತ್ತು. ಅಂದರೆ ಈ ಸಂಖ್ಯೆಗಳನ್ನು ಆರಿಸುವಾಗ ಯಾರೂ ಗಣಿತ ನೋಡಿಲ್ಲ. ಆದರೂ ಸಂಖ್ಯೆ ಅಂದಮೇಲೆ ಅದರ ಗುಣ ಅದರ ಜೊತೆಗೇ ಬರುತ್ತದೆ. ವಿಳಾಸಕ್ಕೆ ಬಳಸಿದರೂ ಅಷ್ಟೇ, ಸಾಲದ ಲೆಕ್ಕಕ್ಕೆ ಬಳಸಿದರೂ ಅಷ್ಟೇ.

ಮಂಡ್ಯದಿಂದ ಶುರು ಮಾಡೋಣ, ಅದು ಸುಲಭ. 571401ರ ಅಂಕಿಗಳನ್ನು ಕೂಡಿ: 5+7+1+4+0+1 = 18. ಇದು 9ರಿಂದ ಭಾಗವಾಗುತ್ತದೆ, ಹಾಗಾಗಿ ಇಡೀ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಶಾಲೆಯಲ್ಲಿ ಎಲ್ಲರೂ ಕಲಿತ ನಿಯಮ. ಕಾರಣ ಮಾತ್ರ ಅನೇಕರಿಗೆ ಹೇಳಿಕೊಟ್ಟಿರುವುದಿಲ್ಲ. 10, 100, 1000 ಹೀಗೆ ಯಾವುದನ್ನೇ 9ರಿಂದ ಭಾಗಿಸಿದರೂ ಶೇಷ 1. ಆದ್ದರಿಂದ 9ರ ಲೆಕ್ಕದಲ್ಲಿ 5 ಲಕ್ಷವೂ ಸುಮ್ನೆ 5ರಂತೆ, 70 ಸಾವಿರವೂ ಸುಮ್ನೆ 7ರಂತೆ. ಸ್ಥಾನದ ಬೆಲೆ ಕಳಚಿ ಬೀಳುತ್ತದೆ, ಅಂಕಿಗಳಷ್ಟೇ ಉಳಿಯುತ್ತವೆ.

571401 ÷ 9 = 63489. ಇದರ ಅಂಕಿಗಳ ಮೊತ್ತ 30, ಮತ್ತೆ 3ರಿಂದ ಭಾಗ ಹೋಗುತ್ತದೆ. ಉಳಿಯುವುದು 21163. ಇಲ್ಲಿಂದ ಮುಂದೆ ಒಂದೂ ಕದಲುವುದಿಲ್ಲ. 21163 ಅವಿಭಾಜ್ಯ ಸಂಖ್ಯೆ, 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಅದು ಭಾಗವಾಗುವುದಿಲ್ಲ. ಅಂದರೆ 571401 = 3 × 3 × 3 × 21163. ಮೊದಲ ಮೂರು ಹೆಜ್ಜೆ ಬಾಯಿಲೆಕ್ಕ. ಕೊನೆಯ ಮಾತನ್ನು ಖಾತ್ರಿ ಮಾಡಿಕೊಳ್ಳಲು ಮಾತ್ರ 139ರವರೆಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು (ಅಲ್ಲಿಗೇ ಯಾಕೆ ನಿಲ್ಲಬಹುದು ಎನ್ನುವುದನ್ನು ಮೈಸೂರಿನಲ್ಲಿ ನೋಡೋಣ). ಅಂಥವು 34 ಇವೆ.

ಶ್ರೀರಂಗಪಟ್ಟಣದ 571438ಕ್ಕೆ ಬೇರೆ ಪ್ರಶ್ನೆ. ಅಂಕಿಗಳ ಮೊತ್ತ 28, ಆದ್ದರಿಂದ 3 ಹೋಗುವುದಿಲ್ಲ. 7ಕ್ಕೆ ಸುಲಭದ ನಿಯಮ ಇಲ್ಲ ಅಂತ ಶಾಲೆಯಲ್ಲಿ ಹೇಳುವುದುಂಟು. ಇದೆ, ಒಳ್ಳೆಯದೇ ಇದೆ. 1001 = 7 × 11 × 13 ಎನ್ನುವುದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಆರಂಕಿಯನ್ನು ಮೂರು ಮೂರಾಗಿ ಸೀಳಿ: 571 ಮತ್ತು 438. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ: 133. ಈ 133 ಅನ್ನು 7 ಭಾಗಿಸಿದರೆ ಇಡೀ ಸಂಖ್ಯೆಯನ್ನೂ 7 ಭಾಗಿಸುತ್ತದೆ. 11 ಮತ್ತು 13ಕ್ಕೂ ಇದೇ ಮಾತು. ಯಾಕೆಂದರೆ 571438 ಅಂದರೆ 571 ಸಾವಿರ ಮತ್ತು 438. ಒಂದು ಸಾವಿರ ಅಂದರೆ 1001ಕ್ಕೆ ಒಂದು ಕಡಿಮೆ. 571 ಸಲ ಆ 'ಒಂದು ಕಡಿಮೆ' ಸೇರಿ 571 ಕಡಿಮೆ ಆಗುತ್ತದೆ. 1001ರ ಭಾಗವನ್ನು 7, 11, 13 ಮೂರೂ ನುಂಗಿಬಿಡುತ್ತವೆ. ಉಳಿಯುವುದು 438 ಮತ್ತು 571ರ ವ್ಯತ್ಯಾಸ ಮಾತ್ರ.

133 = 7 × 19. ಆದ್ದರಿಂದ 7 ಹೋಗುತ್ತದೆ, 11 ಮತ್ತು 13 ಹೋಗುವುದಿಲ್ಲ. 571438 ÷ 7 = 81634. ಅದರ ಅರ್ಧ 40817. ಸರಿ, ಇನ್ನೊಮ್ಮೆ 7ರಿಂದ ಪ್ರಯತ್ನಿಸಿದರೆ 5831. ಇನ್ನೊಮ್ಮೆ, 833. ಇನ್ನೊಮ್ಮೆ, 119. ಇನ್ನೂ ಒಮ್ಮೆ, 17. ಅಂದರೆ

571438 = 2 × 7 × 7 × 7 × 7 × 7 × 17.

ಆರಂಕಿಯ ಸಂಖ್ಯೆಯೊಂದು ಹೀಗೆ 17ಕ್ಕಿಂತ ದೊಡ್ಡ ತುಂಡೇ ಇಲ್ಲದಂತೆ ಪುಡಿಯಾಗುವುದು ದಿನಾ ಸಿಗುವ ಸಂಗತಿ ಅಲ್ಲ. ಐದು ಸಲ 7! ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 24. ಮಂಡ್ಯದ ಸಂಖ್ಯೆಗೆ ಅಂಥವು ಬರೀ 8.

ಮದ್ದೂರಿನ ಸುತ್ತಾಟ

ಮದ್ದೂರು ಅಂದರೆ ಎಲ್ಲರಿಗೂ ವಡೆ. ನನ್ನ ಪ್ರಕಾರ ಆ ಊರಿನ ಪಿನ್ ಕೋಡ್‌ಗೂ ಅಷ್ಟೇ ಹೆಸರು ಬರಬೇಕಿತ್ತು. 4 ಅನ್ನು 7ರಿಂದ ಭಾಗಿಸಿ ದಶಮಾಂಶದಲ್ಲಿ ಬರೆಯಿರಿ. ಮೊಬೈಲಿನ ಕ್ಯಾಲ್ಕುಲೇಟರೇ ಸಾಕು.

4 ÷ 7 = 0.571428571428571428...

ಮದ್ದೂರು, ಮದ್ದೂರು, ಮದ್ದೂರು. ಕೊನೆಯೇ ಇಲ್ಲ.

ಯಾಕೆ ಹೀಗೆ ಅಂತ ತಿಳಿಯಲು ಕ್ಯಾಲ್ಕುಲೇಟರ್ ಬದಿಗಿಟ್ಟು ಹಳೆಯ ಭಾಗಾಕಾರ ಮಾಡಬೇಕು. 40ರಲ್ಲಿ 7 ಐದು ಸಲ, ಶೇಷ 5. ಸೊನ್ನೆ ಇಳಿಸಿದರೆ 50, ಏಳು ಸಲ, ಶೇಷ 1. 10ರಲ್ಲಿ ಒಂದು ಸಲ, ಶೇಷ 3. 30ರಲ್ಲಿ ನಾಲ್ಕು ಸಲ, ಶೇಷ 2. 20ರಲ್ಲಿ ಎರಡು ಸಲ, ಶೇಷ 6. 60ರಲ್ಲಿ ಎಂಟು ಸಲ, ಶೇಷ 4. ಶುರು ಮಾಡಿದ್ದು 4ರಿಂದಲೇ ಅಲ್ವಾ? ಅಲ್ಲಿಗೇ ಬಂದು ನಿಂತೆವು. ಇನ್ನು ಮುಂದೆ ಎಲ್ಲವೂ ಹಾಗೇ ಮರುಕಳಿಸಲೇಬೇಕು.

ಇಲ್ಲಿ ಬಂದ ಶೇಷಗಳನ್ನು ಗಮನಿಸಿ: 5, 1, 3, 2, 6, 4. 7ರಿಂದ ಭಾಗಿಸಿದಾಗ ಬರಬಹುದಾದ ಶೇಷಗಳು ಸೊನ್ನೆ ಬಿಟ್ಟರೆ ಆರೇ ಆರು. ಆ ಆರನ್ನೂ ಒಂದೊಂದು ಸಲ ಮುಟ್ಟಿಯೇ ಇದು ಹಿಂದಿರುಗಿದೆ. ಹಾಗಾಗಿ 1/7, 2/7, 3/7 ಯಾವುದನ್ನೇ ತೆಗೆದುಕೊಂಡರೂ ಅದೇ ವೃತ್ತದ ಬೇರೆ ಜಾಗದಿಂದ ಹೊರಟಂತೆ. 1/7ಕ್ಕೆ 142857. 2/7ಕ್ಕೆ 285714. 3/7ಕ್ಕೆ 428571. 4/7ಕ್ಕೆ ನಮ್ಮ 571428. 5/7ಕ್ಕೆ 714285. 6/7ಕ್ಕೆ 857142. ಅವೇ ಆರು ಅಂಕಿ, ಅದೇ ಸರದಿ, ಹೊರಡುವ ಜಾಗ ಮಾತ್ರ ಬೇರೆ. ಬೇರೆ ಮಾತಿನಲ್ಲಿ, 142857 ಅನ್ನು 2ರಿಂದ 6ರವರೆಗೆ ಯಾವುದರಿಂದ ಗುಣಿಸಿದರೂ ಅಂಕಿಗಳು ಸುತ್ತಿಕೊಳ್ಳುತ್ತವೆ ಅಷ್ಟೇ. 7ರಿಂದ ಗುಣಿಸಿದರೆ 999999. ಮದ್ದೂರು ಅಂದರೆ ಇದರ ನಾಲ್ಕರಷ್ಟು.

ಎಲ್ಲ ಅವಿಭಾಜ್ಯಗಳೂ ಹೀಗೆ ಪೂರ್ತಿ ಸುತ್ತು ಹಾಕುವುದಿಲ್ಲ. 13ರಿಂದ ಭಾಗಿಸಿದರೆ 12 ಶೇಷಗಳು ಇರಬಹುದು, ಆದರೆ 1/13 = 0.076923076923..., ಆರೇ ಅಂಕಿಗೆ ಮರುಕಳಿಸುತ್ತದೆ. ಅರ್ಧ ಶೇಷಗಳನ್ನು ಅದು ಮುಟ್ಟುವುದೇ ಇಲ್ಲ. 17 ಮತ್ತು 19 ಪೂರ್ತಿ ಸುತ್ತುತ್ತವೆ.

ಇನ್ನೊಂದು ಸಣ್ಣ ತಮಾಷೆ. 571428 ಅನ್ನು ನಡುವೆ ಸೀಳಿ ಕೂಡಿ: 571 + 428 = 999. ಎರಡೆರಡಾಗಿ ಸೀಳಿ: 57 + 14 + 28 = 99. ಮೊದಲನೆಯದಕ್ಕೆ ಕಾರಣ ಮೇಲಿನ ಭಾಗಾಕಾರದಲ್ಲೇ ಇದೆ. ಮೂರು ಅಂಕಿ ಆದಮೇಲೆ ಶೇಷ 3, ಅಂದರೆ ಅಲ್ಲಿಂದ ಮುಂದೆ ಬರುವುದು 3/7ರ ಅಂಕಿಗಳು. 4/7 ಮತ್ತು 3/7 ಸೇರಿದರೆ 1, ಅಂದರೆ 0.999999... ಎಲ್ಲ ಸ್ಥಾನದಲ್ಲೂ ಜೋಡಿ ಸೇರಿ 9 ಆಗಲೇಬೇಕು.

ಶ್ರೀರಂಗಪಟ್ಟಣಕ್ಕೆ ಮಾಡಿದ ಹಾಗೆ ಇಲ್ಲೂ ಕಳೆಯಿರಿ: 571 − 428 = 143 = 11 × 13. ಆದ್ದರಿಂದ ಇದು 11 ಮತ್ತು 13ರಿಂದ ಭಾಗವಾಗುತ್ತದೆ. 7ರಿಂದ ಆಗುವುದಿಲ್ಲ! 7ರ ಹೊಟ್ಟೆಯಿಂದಲೇ ಬಂದ ಸಂಖ್ಯೆ 7ಕ್ಕೇ ಬಗ್ಗುವುದಿಲ್ಲ. ಪೂರ್ತಿ ಒಡೆದರೆ 571428 = 2 × 2 × 3 × 3 × 3 × 11 × 13 × 37.

ಒಡೆಯದ ಮೈಸೂರು

ಈಗ 570001. ಮೈಸೂರಿನ ಪ್ರಧಾನ ಅಂಚೆ ಕಚೇರಿಯ ಸಂಖ್ಯೆ.

ಮೊದಲ ಕೆಲವು ಪ್ರಶ್ನೆಗಳು ಬೇಗ ಮುಗಿಯುತ್ತವೆ. 570000 ಅಂದರೆ 57 × 10000. ಅದರಲ್ಲಿ 2, 3, 5, 19 ಎಲ್ಲ ಇವೆ. ಒಂದು ಸೇರಿಸಿದ ತಕ್ಷಣ ಆ ನಾಲ್ಕಕ್ಕೂ ಶೇಷ 1 ಬರುತ್ತದೆ, ನಾಲ್ಕೂ ಔಟ್. 570 − 001 = 569. ಇದನ್ನು 7, 11, 13 ಯಾವುದೂ ಭಾಗಿಸುವುದಿಲ್ಲ. ಅವೂ ಔಟ್. ಮುಂದೆ 17, 23, 29... ಎಲ್ಲಿಯವರೆಗೆ?

755 × 755 = 570025. ನಮ್ಮ ಸಂಖ್ಯೆಗಿಂತ 24 ಜಾಸ್ತಿ. 570001 ಎರಡು ಸಂಖ್ಯೆಗಳ ಗುಣಲಬ್ಧ ಆಗಿದ್ದರೆ ಎರಡೂ 755 ಅಥವಾ ಅದಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ, ಗುಣಲಬ್ಧ ಮೀರಿಹೋಗುತ್ತದೆ. ಒಂದಾದರೂ 755ಕ್ಕಿಂತ ಚಿಕ್ಕದಿರಬೇಕು. ಆದ್ದರಿಂದ 751ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 6, 10, 15 ಮುಂತಾದವನ್ನು ನೋಡುವ ಅಗತ್ಯವಿಲ್ಲ, 6 ಹೋಗುವ ಕಡೆ 2 ಮೊದಲೇ ಹೋಗಿರುತ್ತದೆ. 751ರವರೆಗೆ ಇರುವ ಅವಿಭಾಜ್ಯಗಳು 133. ಒಂದೊಂದಾಗಿ ಭಾಗಿಸಿದರೆ 133ಕ್ಕೂ ಶೇಷ ಉಳಿಯುತ್ತದೆ. ಕೊನೆಯ 751ಕ್ಕೆ ಉಳಿಯುವ ಶೇಷ 743, ಅಂದರೆ ಬರೀ 8 ಕಡಿಮೆ. ಆ 8 ಸೇರಿಸಿದರೆ ಸಿಗುವ 570009 ಸರಸ್ವತಿಪುರಂ ಪಿನ್. ಅದು 3 × 11 × 23 × 751.

ಹಾಗಾದರೆ 570001 ಅವಿಭಾಜ್ಯ. ಇದನ್ನು ಪವಾಡ ಅನ್ನಬೇಡಿ. ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ 13ಕ್ಕೆ ಒಂದು ಅವಿಭಾಜ್ಯ ಸಿಗುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಇದು ವಿರಳ, ಆದರೆ ತುಂಬ ನಿಧಾನವಾಗಿ ವಿರಳ. ನೂರಂಕಿಯ ಸಂಖ್ಯೆಗಳಲ್ಲೂ ಸರಾಸರಿ 230ಕ್ಕೆ ಒಂದು ಇದ್ದೇ ಇರುತ್ತದೆ.

133 ಭಾಗಾಕಾರ ಮಾಡಿ 'ಇಲ್ಲ, ಇಲ್ಲ, ಇಲ್ಲ' ಅನ್ನಿಸಿಕೊಳ್ಳುವುದು ಬೇಜಾರಿನ ಕೆಲಸ. ಒಂದೂ ಭಾಗಾಕಾರ ಮಾಡದೆ ಇದೇ ತೀರ್ಪಿಗೆ ಬರುವ ಇನ್ನೊಂದು ದಾರಿ ಇದೆ. ಅದು ಹಾದುಹೋಗುವುದು ವರ್ಗಗಳ ಮೂಲಕ.

ಕೆಲವು ಅವಿಭಾಜ್ಯಗಳನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. 5 = 1 + 4, 13 = 4 + 9, 17 = 1 + 16, 29 = 4 + 25. 3, 7, 11, 19ಕ್ಕೆ ಏನು ಮಾಡಿದರೂ ಆಗುವುದಿಲ್ಲ. ಆಗದಿರುವುದಕ್ಕೆ ಕಾರಣ ಸುಲಭ. ಯಾವುದೇ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1 ಮಾತ್ರ. ಎರಡು ವರ್ಗ ಕೂಡಿದರೆ ಶೇಷ 0, 1 ಅಥವಾ 2 ಬರಬಹುದು, 3 ಎಂದೂ ಬರುವುದಿಲ್ಲ. 3, 7, 11, 19 ಎಲ್ಲಕ್ಕೂ ಶೇಷ 3. ಕಷ್ಟದ್ದು ಇದರ ಇನ್ನೊಂದು ಮಗ್ಗುಲು: ಶೇಷ 1 ಬರುವ ಪ್ರತಿಯೊಂದು ಅವಿಭಾಜ್ಯವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 1640ರ ಡಿಸೆಂಬರ್ 25ರಂದು ಫ್ರಾನ್ಸಿನ ಗಣಿತಜ್ಞ ಫರ್ಮಾ ಇದನ್ನು ಅಲ್ಲಿಯದೇ ವಿದ್ವಾಂಸ ಮರ್ಸೆನ್‌ಗೆ ಪತ್ರದಲ್ಲಿ ಬರೆದ, ಸಾಧನೆ (ಅಂದರೆ ಪುರಾವೆ) ಕೊಡಲಿಲ್ಲ. ಆ ಸಾಧನೆಯನ್ನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಆಯ್ಲರ್ ಪೂರ್ತಿ ಮಾಡುವಷ್ಟರಲ್ಲಿ 1749 ಆಗಿತ್ತು.

570001 ಅನ್ನು 4ರಿಂದ ಭಾಗಿಸಿದರೆ ಶೇಷ 1. ಕೊನೆಯ ಎರಡಂಕಿ ನೋಡಿದರೆ ಗೊತ್ತಾಗುತ್ತದೆ. ಹಾಗಾದರೆ ಎರಡು ವರ್ಗ ಎಲ್ಲಿವೆ?

ಸುಮ್ನೆ ಒಂದೊಂದಾಗಿ ಹುಡುಕಬೇಕಿಲ್ಲ, ಶೇಷಗಳು ದಾರಿ ತೋರಿಸುತ್ತವೆ. ವರ್ಗಗಳನ್ನು 5ರಿಂದ ಭಾಗಿಸಿದರೆ ಶೇಷ 0, 1 ಅಥವಾ 4. ಎರಡು ಸೇರಿ ಶೇಷ 1 ಆಗಬೇಕಾದರೆ ಒಂದು 0, ಇನ್ನೊಂದು 1 ಆಗಲೇಬೇಕು, ಬೇರೆ ಜೋಡಿ ಇಲ್ಲ. ಅಂದರೆ ಎರಡರಲ್ಲಿ ಒಂದು ಸಂಖ್ಯೆ 5ರ ಮಗ್ಗಿಯದು, ಅದರ ವರ್ಗ 25ರ ಮಗ್ಗಿಯದು. 570001ಕ್ಕೆ 25ರ ಶೇಷವೂ 1. ಹಾಗಾಗಿ ಇನ್ನೊಂದು ಸಂಖ್ಯೆ 25ರ ಮಗ್ಗಿಗೆ ಒಂದು ಹಿಂದೆ ಅಥವಾ ಒಂದು ಮುಂದೆ ಇರಬೇಕು: 24, 26, 49, 51 ಹೀಗೆ. ಇನ್ನು, ಎರಡರಲ್ಲಿ ಒಂದು ಸಮ, ಒಂದು ಬೆಸ. ಬೆಸ ವರ್ಗಕ್ಕೆ 8ರ ಶೇಷ ಯಾವಾಗಲೂ 1, ನಮ್ಮ ಸಂಖ್ಯೆಗೂ 1. ಆದ್ದರಿಂದ ಸಮ ಸಂಖ್ಯೆಯ ವರ್ಗ 8ರಿಂದ ಭಾಗ ಹೋಗಬೇಕು, ಅಂದರೆ ಆ ಸಂಖ್ಯೆ 4ರ ಮಗ್ಗಿಯದು.

ಎಲ್ಲ ಸೇರಿಸಿದರೆ ಸಮ ಸಂಖ್ಯೆಗೆ ಎರಡೇ ಬಗೆ ಉಳಿಯುತ್ತವೆ. ಒಂದೋ ಅದು 20ರ ಮಗ್ಗಿಯದು, ಇಲ್ಲವೇ 24, 76, 124, 176, 224... ಸಾಲಿನದು. 755ರೊಳಗೆ ಇಂಥವು 52. 9ರ ಶೇಷವನ್ನೂ ಹೀಗೇ ನೋಡಿದರೆ 29ಕ್ಕೆ ಇಳಿಯುತ್ತದೆ. ಪ್ರತಿಯೊಂದರ ವರ್ಗವನ್ನು 570001ರಿಂದ ಕಳೆದು, ಉಳಿದದ್ದು ಪೂರ್ಣ ವರ್ಗವೋ ಅಲ್ಲವೋ ನೋಡಬೇಕು. 476ರ ಹತ್ತಿರ ಆಸೆ ಹುಟ್ಟುತ್ತದೆ: ಉಳಿಯುವುದು 343425, ಅದು 586ರ ವರ್ಗಕ್ಕಿಂತ 29 ಮಾತ್ರ ಜಾಸ್ತಿ. (9ರ ಜರಡಿ ಹಿಡಿದವರಿಗೆ ಈ 476 ಸಿಗುವುದೇ ಇಲ್ಲ ಅನ್ನಿ.) ಕೊನೆಗೆ 624ರಲ್ಲಿ ಕೂಡಿಬರುತ್ತದೆ.

624ರ ವರ್ಗ 389376. 570001 − 389376 = 180625. ಅದು 425ರ ವರ್ಗ!

ಉಳಿದ ಯಾವುದರಲ್ಲೂ ಪೂರ್ಣ ವರ್ಗ ಸಿಗುವುದಿಲ್ಲ. ಒಂದೇ ರೀತಿ ಇದೆ, ಎರಡನೆಯದಿಲ್ಲ. ಆ 'ಒಂದೇ' ಎನ್ನುವುದರಲ್ಲೇ ತೀರ್ಪು ಇದೆ.

ಯಾಕೆಂದು ತಿಳಿಯಲು ಬ್ರಹ್ಮಗುಪ್ತನ ಹತ್ತಿರ ಹೋಗಬೇಕು. ಕ್ರಿ.ಶ. 628ರಲ್ಲಿ ಗ್ರಂಥ ಬರೆದ ಈತ ಕೊಟ್ಟ ಒಂದು ಸೂತ್ರದಿಂದ ತಿಳಿಯುವುದು ಇದು: ಎರಡು ವರ್ಗಗಳ ಮೊತ್ತವಾದ ಸಂಖ್ಯೆಯನ್ನು ಅಂಥದ್ದೇ ಇನ್ನೊಂದರಿಂದ ಗುಣಿಸಿದರೆ ಬರುವುದೂ ಎರಡು ವರ್ಗಗಳ ಮೊತ್ತವೇ, ಮತ್ತು ಅದನ್ನು ಜೋಡಿಸಲು ಸಾಮಾನ್ಯವಾಗಿ ಎರಡು ರೀತಿ ಇರುತ್ತವೆ. ಉದಾಹರಣೆಗೆ 5ರಲ್ಲಿ ಇರುವುದು 1 ಮತ್ತು 2ರ ವರ್ಗ, 13ರಲ್ಲಿ 2 ಮತ್ತು 3ರ ವರ್ಗ. ಅಡ್ಡಡ್ಡ ಗುಣಿಸಿ: 1×2 = 2, 2×3 = 6, 1×3 = 3, 2×2 = 4. ಮೊದಲ ಜೋಡಿಯನ್ನು ಕೂಡಿ, ಎರಡನೆಯದನ್ನು ಕಳೆದರೆ 8 ಮತ್ತು 1. ಮೊದಲನೆಯದನ್ನು ಕಳೆದು, ಎರಡನೆಯದನ್ನು ಕೂಡಿದರೆ 4 ಮತ್ತು 7. ಈಗ 5 × 13 = 65 ನೋಡಿ: 64 + 1, 16 + 49. ಎರಡು ರೀತಿ.

570001 ಒಡೆಯುವ ಸಂಖ್ಯೆಯಾಗಿದ್ದರೆ? 425 ಮತ್ತು 624ಕ್ಕೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ. ಅಂಥ ಮೊತ್ತವನ್ನು ಭಾಗಿಸುವ ಬೆಸ ಅವಿಭಾಜ್ಯಗಳೆಲ್ಲ 4ರಿಂದ ಶೇಷ 1 ಬರುವ ಜಾತಿಯವೇ ಆಗಿರುತ್ತವೆ. ಅಂದರೆ ಪ್ರತಿಯೊಂದು ತುಂಡೂ ಎರಡು ವರ್ಗಗಳ ಮೊತ್ತ, ತುಂಡುಗಳು ಸೇರಿದಾಗ ಕನಿಷ್ಠ ಎರಡು ರೀತಿ ಸಿಗಬೇಕಿತ್ತು. ಸಿಕ್ಕಿದ್ದು ಒಂದೇ. ಹಾಗಾಗಿ ತುಂಡುಗಳೇ ಇಲ್ಲ. ಒಂದು ಎಚ್ಚರಿಕೆ: 4ರ ಶೇಷ 1 ಇದ್ದ ಮಾತ್ರಕ್ಕೆ ಎಲ್ಲ ಸಂಖ್ಯೆಗೂ ಈ ಭಾಗ್ಯವಿಲ್ಲ. ಮಂಡ್ಯದ 571401ಕ್ಕೂ ಶೇಷ 1, ಆದರೆ ಅದರೊಳಗೆ ಮೂರು ಸಲ ಕೂತಿರುವ 3 ಎಲ್ಲವನ್ನೂ ಕೆಡಿಸುತ್ತದೆ. ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗುವುದೇ ಇಲ್ಲ.

ಆಯ್ಲರ್ ಇದೇ ದಾರಿಯಲ್ಲಿ 1000009 ಅನ್ನು ಪರೀಕ್ಷಿಸಿದ. ನಮ್ಮ 570001ರ ಹಾಗೇ ನಡುವೆ ಸೊನ್ನೆ ತುಂಬಿದ, ಮುಗ್ಧವಾಗಿ ಕಾಣುವ ಸಂಖ್ಯೆ. ಮೊದಲು ಅದನ್ನು ಅವಿಭಾಜ್ಯಗಳ ಪಟ್ಟಿಗೇ ಸೇರಿಸಿದ್ದ. ಒಂದು ರೀತಿ ಕಣ್ಣಿಗೇ ಕಾಣುತ್ತದೆ, 1000ದ ವರ್ಗಕ್ಕೆ 3ರ ವರ್ಗ. ಹುಡುಕಿದಾಗ ಇನ್ನೊಂದು ಸಿಕ್ಕಿತು, 972ರ ವರ್ಗ ಮತ್ತು 235ರ ವರ್ಗ. ಎರಡು ರೀತಿ ಬಂದಮೇಲೆ ಮುಗಿಯಿತು. ಅದು 293 × 3413.

ಆರು ಹೆಜ್ಜೆ ಆಚೆ

570001ಕ್ಕೆ 6 ಸೇರಿಸಿ: 570007. ಬೆಸ ಸಂಖ್ಯೆ, ಅಂಕಿಗಳ ಮೊತ್ತ 19, 7 ಇಲ್ಲ, 11 ಇಲ್ಲ, 13 ಇಲ್ಲ. ಯಾರೇ ಆದರೂ ಇದೂ ಅವಿಭಾಜ್ಯವೇ ಇರಬೇಕು ಅನ್ನುತ್ತಾರೆ. ಭಾಗಿಸುತ್ತ ಹೋದರೆ 117 ಅವಿಭಾಜ್ಯಗಳು ಸೋಲುತ್ತವೆ. 118ನೆಯದು 647. ಅದು ಹೋಗುತ್ತದೆ! 570007 = 647 × 881.

4ರ ಶೇಷ 3, ಆದ್ದರಿಂದ ವರ್ಗಗಳ ಮೊತ್ತದ ದಾರಿ ಇಲ್ಲಿ ಮುಚ್ಚಿದೆ. ಆದರೆ ವರ್ಗಗಳ ವ್ಯತ್ಯಾಸದ ದಾರಿ ತೆರೆದಿದೆ. ಇದೂ ಫರ್ಮಾನದೇ. ಸಂಖ್ಯೆಗಿಂತ ತುಸು ದೊಡ್ಡ ವರ್ಗದಿಂದ ಶುರು ಮಾಡಿ. 755ರ ವರ್ಗದಿಂದ 570007 ಕಳೆದರೆ 18, ವರ್ಗವಲ್ಲ. 756ಕ್ಕೆ 1529, ಅಲ್ಲ. 757ಕ್ಕೆ 3042, ಅಲ್ಲ. ಹೀಗೇ ಹೋಗಿ 764ಕ್ಕೆ ಬಂದಾಗ ಉಳಿಯುವುದು 13689, ಅಂದರೆ 117ರ ವರ್ಗ. ಎರಡು ವರ್ಗಗಳ ವ್ಯತ್ಯಾಸ ಅಂದರೆ ಮೊತ್ತ ಗುಣಿಸು ವ್ಯತ್ಯಾಸ, ಎಂಟನೇ ತರಗತಿಯ ಬೀಜಗಣಿತ. 764 − 117 = 647, 764 + 117 = 881. 118 ಭಾಗಾಕಾರದ ಕೆಲಸ ಹತ್ತು ಕಳೆಯುವ ಲೆಕ್ಕದಲ್ಲಿ ಮುಗಿಯಿತು.

ಇದು ಇಷ್ಟು ಬೇಗ ಮುಗಿದದ್ದು 647 ಮತ್ತು 881 ಒಂದಕ್ಕೊಂದು ಹತ್ತಿರ ಇರುವುದರಿಂದ. ದೂರ ಇದ್ದಿದ್ದರೆ ಈ ಉಪಾಯ ಭಾಗಾಕಾರಕ್ಕಿಂತಲೂ ನಿಧಾನ. ಬ್ಯಾಂಕಿನ ವೆಬ್‌ಸೈಟು, ಇಮೇಲ್ ಮುಂತಾದವನ್ನು ಕಾಯಲು ಬಳಸುವ ಆರ್‌ಎಸ್‌ಎ ಬೀಗಕ್ಕೆ ಈ ಮಾತು ಮುಖ್ಯ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ರೂಪಿಸಿದ ಈ ವಿಧಾನದಲ್ಲಿ ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ, ಗುಣಲಬ್ಧವನ್ನು ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಒಡೆದವನಿಗೆ ಬೀಗ ತೆರೆಯುತ್ತದೆ. ಆ ಎರಡು ಅವಿಭಾಜ್ಯಗಳು ತೀರಾ ಹತ್ತಿರ ಇದ್ದರೆ ನಾವು 570007ಕ್ಕೆ ಮಾಡಿದ್ದನ್ನೇ ಕಂಪ್ಯೂಟರ್ ಅದಕ್ಕೂ ಮಾಡಿಬಿಡುತ್ತದೆ. ಅದಕ್ಕೇ ಅವನ್ನು ಆರಿಸುವಾಗ ಅಂತರ ನೋಡಿಕೊಳ್ಳುತ್ತಾರೆ.

ವಿಚಿತ್ರ ಏನೆಂದರೆ, ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಹೇಳುವುದು ಕಂಪ್ಯೂಟರಿಗೆ ಕಷ್ಟವೇ ಅಲ್ಲ. ಸಾವಿರಾರು ಅಂಕಿ ಇದ್ದರೂ ಹೇಳುತ್ತದೆ. ಊಹೆಯ ನೆರವಿಲ್ಲದೆ, ಯಾವ ಸಂಖ್ಯೆಗಾದರೂ ಖಚಿತವಾಗಿ, ಅಂಕಿ ಹೆಚ್ಚಿದಂತೆ ಸಮಯ ವಿಪರೀತ ಏರದಂತೆ ಹೇಳುವ ವಿಧಾನವನ್ನು 2002ರಲ್ಲಿ ಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಆದರೆ 'ಇದು ಒಡೆಯುತ್ತದೆ' ಎಂದು ತಿಳಿದ ಮಾತ್ರಕ್ಕೆ ಎಲ್ಲಿ ಒಡೆಯುತ್ತದೆ ಎಂದು ತಿಳಿಯುವುದಿಲ್ಲ. 250 ಅಂಕಿಯ ಒಂದು ಸಂಖ್ಯೆಯನ್ನು ಆರ್‌ಎಸ್‌ಎ ಸವಾಲಿನ ಪಟ್ಟಿಯಲ್ಲಿ ಇಟ್ಟಿದ್ದರು. 2020ರಲ್ಲಿ ಅದನ್ನು ಒಡೆದರು. ಒಂದೇ ಪ್ರೊಸೆಸರ್‌ಗೆ ಕೊಟ್ಟಿದ್ದರೆ ಸುಮಾರು 2700 ವರ್ಷ ಹಿಡಿಯುತ್ತಿದ್ದ ಲೆಕ್ಕವನ್ನು ಸಾವಿರಾರು ಪ್ರೊಸೆಸರ್‌ಗಳಿಗೆ ಹಂಚಿ ಮಾಡಿದ ಕೆಲಸ ಅದು. ಇವತ್ತು ಸಾಮಾನ್ಯವಾಗಿ ಬಳಸುವ ಆರ್‌ಎಸ್‌ಎ ಸಂಖ್ಯೆಗಳಿಗೆ 617 ಅಂಕಿ ಇರುತ್ತವೆ.